ಪೆಟ್ಟಿಗೆಯೊಳಗೆ ನಮ್ಮ ಮಾಗಿಕಾಡು



ಚಳಿಗಾಲದ ಕಾಡು ಬರೆ ಎಂದರೆ ನನ್ನ ಮೊಮ್ಮಗಳು ಹಿಮವನ್ನೂ ಪೈನ್ ಮರವನ್ನೂ ಬರೆಯುತ್ತಾಳೆ. ನಮ್ಮ ಮಾಗಿಯಲ್ಲಿ ಹಿಮವೆಲ್ಲಿ? ಮಂಜು ಕವಿಯುತ್ತದೆ, ಬೂರುಗ ಎಲೆ ಉದುರಿಸಿ, ಬರಿಕೊಂಬೆಯ ಮೇಲೆ ಕೆಂಪು ಹೂ ಬಿಡುತ್ತದೆ. ಅದನ್ನೇ ಇಬ್ಬರೂ ಶ್ಯಾಡೋ ಬಾಕ್ಸಿನಲ್ಲಿ ಮಾಡಿದೆವು.

2 ಇಂಚು ಆಳದ, ಗಾಜಿರುವ ಚೌಕಟ್ಟು ಸಾಕು. ಹಿಂಬದಿಗೆ ತಿಳಿ ಬೂದು ಬಣ್ಣ ಬಳಿಯಿರಿ. ಇಲ್ಲೇ ಅಬಿಡ್ಸ್‌ನಲ್ಲಿ ಭಾನುವಾರ ಫುಟ್‌ಪಾತಿನ ಮೇಲೆ ಹಳೆ ಪುಸ್ತಕ ಮಾರುತ್ತಾರಲ್ಲ, ಅಂಥ ಹರಿದ ಪುಸ್ತಕದ ರಟ್ಟಿನಲ್ಲಿ ಮೂರು ಸಾಲು ಮರ ಕತ್ತರಿಸಿ. ದೂರದ ಸಾಲಿಗೆ ಮಸುಕು ಬಣ್ಣ, ಹತ್ತಿರದ್ದಕ್ಕೆ ಗಾಢ. ಕಾಡಿಗೆ ಆಳ ಬರುವುದು ಇದರಿಂದಲೇ. ಸಾಲುಗಳ ನಡುವೆ ಥರ್ಮಾಕೋಲ್ ತುಂಡಿಟ್ಟು ಫೆವಿಕಾಲ್‌ನಿಂದ ಅಂಟಿಸಿ. ನಡುವೆ ಬಟರ್ ಪೇಪರ್ ಇಟ್ಟರೆ ಅದೇ ಮಂಜು. ಮುಂದೆ ನಿಜವಾದ ಕಡ್ಡಿ, ತೊಗಟೆ, ತರಗೆಲೆ. ಕೊಂಬೆಗೆ ಕೆಂಪು ಉಣ್ಣೆಯ ಹೂ. ಎಲೆಗಳು ಪೂರ್ತಿ ಒಣಗಿರಲಿ. ಪಸೆಯಿದ್ದರೆ ಗಾಜಿನೊಳಗೆ ಬೂಷ್ಟು ಹಿಡಿಯುತ್ತದೆ.

ಮೊಮ್ಮಗಳಿಗೆ ತೆಲುಗು, ಇಂಗ್ಲಿಷ್ ಸಲೀಸು. ಕನ್ನಡದಲ್ಲಿ ಒಂದು ಮರದ ಹೆಸರೂ ಬರುತ್ತಿರಲಿಲ್ಲ. ತೆಲುಗಿನಲ್ಲೂ ಅದು ಬೂರುಗವೇ ಎಂದು ತಿಳಿದಾಗ ಅವಳಿಗೆ ಖುಷಿಯೋ ಖುಷಿ. ಈಗ ಮಾಗಿ, ತೊಗಟೆ, ತರಗೆಲೆ ಎಲ್ಲವೂ ಅವಳ ಮಾತಿನಲ್ಲಿವೆ. ಮನೆಯಲ್ಲಿ ಆಡದ ಮಾತು ಮಕ್ಕಳಿಗೆ ಉಳಿಯುವುದಿಲ್ಲ. ಕತ್ತರಿ, ಅಂಟು ಹಿಡಿದು ಅವರ ಜೊತೆ ಕೂರಿ. ಕೈ ಕೆಲಸ ಮಾಡುತ್ತಿರಲಿ, ಬಾಯಲ್ಲಿ ಕನ್ನಡವಿರಲಿ.