ಬೇಜಾರಾದ ಮಗು, ಸಿಟ್ಟಾದ ಮಗು



ಮಗು 'ಬೇಜಾರು' ಅಂದರೆ ನಮ್ಮ ಮನೆಗಳಲ್ಲಿ ಸಿಗುವ ಉತ್ತರ ಎರಡೇ: 'ಹೋಗಿ ಓದ್ಕೋ', ಇಲ್ಲವೇ ಕೈಗೆ ಮೊಬೈಲು. ಎಡಿಎಚ್‌ಡಿ (ಗಮನ ಕೊರತೆ, ಅತಿ ಚಟುವಟಿಕೆಯ ತೊಂದರೆ) ಇರುವ ಮಗುವಿಗೆ ಮೊದಲನೆಯದು ಕಿವಿಗೇ ಬೀಳುವುದಿಲ್ಲ. ಎರಡನೆಯದು ಆ ಹೊತ್ತಿಗೆ ನಡೆಯುತ್ತದೆ, ವಾಪಸು ಕೇಳಿದಾಗ ರಂಪ. ಬೇರೆ ಮಕ್ಕಳು ಆಕಳಿಸಿ ಕಳೆಯುವ ಹತ್ತು ನಿಮಿಷ ಇದಕ್ಕೆ ಮೈಯೆಲ್ಲ ತುರಿಕೆಯೆದ್ದ ಹಾಗೆ. ತಂಗಿಯ ಜಡೆ ಎಳೆಯುತ್ತದೆ, ಗದರಿದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತದೆ. ಎಸೆದದ್ದು ಎಲ್ಲರಿಗೂ ಕಾಣುತ್ತದೆ, ಹಿಂದಿದ್ದ ಬೇಜಾರು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಹಠವಲ್ಲವೇ ಎನ್ನುತ್ತೀರಿ. ಹಠದ ಮಗು ಕೇಳಿದ್ದು ಸಿಕ್ಕ ಕೂಡಲೇ ಸುಮ್ಮನಾಗುತ್ತದೆ. ಈ ಮಗು ಕೇಳಿದ್ದು ಸಿಕ್ಕರೂ ನಿಲ್ಲಿಸಿಕೊಳ್ಳಲಾರದು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಿದುಳಿನ ಹೊರಪದರದ ಅರ್ಧದಷ್ಟು ಭಾಗ ಪೂರ್ತಿ ದಪ್ಪ ಮುಟ್ಟಲು ಇತರ ಮಕ್ಕಳಿಗೆ ಸುಮಾರು 7.5 ವರ್ಷವಾದರೆ, ಎಡಿಎಚ್‌ಡಿ ಮಕ್ಕಳಿಗೆ 10.5. ಹೆಚ್ಚು ತಡವಾದದ್ದು ಹಣೆಯ ಹಿಂದಿನ ಭಾಗ, ಅಂದರೆ ತಡೆದುಕೊಳ್ಳುವ ಭಾಗವೇ. ಹತ್ತರ ಹುಡುಗನಲ್ಲಿ ಏಳರ ಸಿಟ್ಟು ಕಂಡರೆ ಆಶ್ಚರ್ಯವೇನು?

ರಂಪದ ನಡುವೆ ಬುದ್ಧಿವಾದ ಬೇಡ. 'ಯಾಕೆ ಹೀಗೆ ಮಾಡಿದೆ?' ಬೇಡವೇ ಬೇಡ, ಉತ್ತರ ಅದಕ್ಕೂ ಗೊತ್ತಿಲ್ಲ. ಪೆಟ್ಟಾಗುವ ವಸ್ತು ಸರಿಸಿ, ಟೀವಿ ಆರಿಸಿ, ದನಿ ತಗ್ಗಿಸಿ ಹತ್ತಿರ ಕೂತುಬಿಡಿ. ತಬ್ಬಿಕೊಂಡರೆ ತಣ್ಣಗಾಗುವ ಮಕ್ಕಳಿದ್ದಾರೆ, ಮುಟ್ಟಿದರೆ ಇನ್ನಷ್ಟು ಕೆರಳುವವರೂ ಇದ್ದಾರೆ. ಮಾತೇನಿದ್ದರೂ ಊಟವಾದ ಮೇಲೆ.

ನಿಜವಾದ ಕೆಲಸ ಇರುವುದು ರಂಪಕ್ಕೆ ಮೊದಲು, ಬೇಜಾರು ಶುರುವಾದಾಗಲೇ. 'ಏನು ಮಾಡ್ತೀಯ?' ಎಂದು ಕೇಳಿದರೆ ಮಗು ತಬ್ಬಿಬ್ಬಾಗುತ್ತದೆ. ಎರಡು ಕೆಲಸ ಮುಂದಿಟ್ಟು ಒಂದನ್ನು ಆರಿಸಿಕೋ ಎನ್ನಿ: ಚಪಾತಿ ಹಿಟ್ಟು ನಾದುವುದು, ಗಿಡಗಳಿಗೆ ನೀರು ಹೊರುವುದು. ಅವರೆಕಾಯಿ ಕಾಲದಲ್ಲಂತೂ ನೆನೆಸಿದ ಕಾಳು ಹಿತುಕಲು ಕೂರಿಸಿ. ಬೆರಳಿಗೆ ಒತ್ತು, ಪುಳಕ್ಕನೆ ಜಾರುವ ಬೇಳೆ, ಎಷ್ಟಾಯಿತೆಂದು ಪಾತ್ರೆಯಲ್ಲೇ ಕಾಣುತ್ತದೆ. ನಾಳೆಯ ಬಹುಮಾನಕ್ಕೆ ಕಾಯಲಾರದ ಮಗುವಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಾಣೆ. ನಾಲ್ಕು ಬೇಳೆ ಗೋಡೆಗೆ ಹಾರಿದರೆ ಹಾರಲಿ.

ಇಷ್ಟರಿಂದಲೇ ಎಲ್ಲ ಸರಿಹೋಗುತ್ತದೆ ಎನ್ನಲಾರೆ. ಕೆಲವರಿಗೆ ಔಷಧವೂ ಬೇಕು. ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು.

ಸಭೆಯಲ್ಲಿ ಅಜ್ಜ ಅಜ್ಜಿಯರೇ ಹೆಚ್ಚಿದ್ದೀರಿ. ಮುಂದಿನ ಮದುವೆಯಲ್ಲಿ ಇಂಥ ಮಗು ಛತ್ರದ ನೆಲದ ಮೇಲೆ ಉರುಳಾಡಿದರೆ 'ಎರಡು ಬಿಟ್ಟರೆ ಸರಿಹೋಗುತ್ತೆ' ಎನ್ನಬೇಡಿ. ಅದರ ತಾಯಿಗೆ ಒಂದು ಖಾಲಿ ಕೋಣೆ ತೋರಿಸಿ, ಮುಂದಿನ ಪಂಕ್ತಿಯಲ್ಲಿ ಇಬ್ಬರಿಗೂ ಜಾಗ ಹಿಡಿದಿಡಿ.