ನಮ್ಮ ಓಣಿಯ ಬ್ಯಾಂಡು, ನಮ್ಮ ಕಾಕಾ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನನಗೆ 'ಯುವಕರು ಮತ್ತು ಶಿಕ್ಷಣ' ಅಂತ ವಿಷಯ ಕೊಟ್ಟಿದ್ದರು. ಬರೆದುಕೊಂಡೂ ಬಂದಿದ್ದೆ. ಆದರೆ ನಿನ್ನೆ ಕುರ್ಚಿ ತರಲು ಸಂಘದ ಕೋಣೆಗೆ ಹೋದಾಗ ಮೂಲೆಯಲ್ಲಿ ನಮ್ಮ ಹಳೆಯ ಡ್ರಮ್ಮುಗಳು ಕಂಡವು. ಎರಡರ ಮುಖ ಹರಿದಿದೆ. ಒಂದರೊಳಗೆ ಇಲಿ ಮರಿ ಹಾಕಿದೆ. ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಬರೆದ ಕಾಗದ ಜೇಬಿನಲ್ಲೇ ಇರಲಿ, ಇವತ್ತು ಬ್ಯಾಂಡಿನ ಮಾತು ಆಡ್ತೀನಿ. ಇದೂ ಶಿಕ್ಷಣದ ಮಾತೇ.

ಸಣ್ಣ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಮುಂದಿನ ಸಾಲಲ್ಲಿ ಟೊಪ್ಪಿಗೆ ಹಾಕಿಕೊಂಡು ಕೂತಿರುವ ನಮ್ಮ ಕಾಕಾ ಜಹೀರಾಬಾದಿನ ಮದುವೆ ಬ್ಯಾಂಡಿನಲ್ಲಿ ಊದುತ್ತಿದ್ದವರು. ಲಗ್ನದ ಸೀಜನ್ ಬಂತೆಂದರೆ ಇವತ್ತು ನಾರಾಯಣಖೇಡ, ನಾಳೆ ತಾಂಡೂರು, ನಾಡಿದ್ದು ಬೀದರ್. ಒಂದು ವರ್ಷ ಏಪ್ರಿಲ್ 14ರ ಮೆರವಣಿಗೆಗೆ ನಮಗೆ ಬ್ಯಾಂಡೇ ಸಿಗಲಿಲ್ಲ. ಅದೇ ದಿನ ಲಗ್ನದ ತಿಥಿ. ಆಗ ಕಾಕಾ ಹೇಳಿದ್ದು: "ಬಾಬಾಸಾಹೇಬರ ಮೆರವಣಿಗಿಗೆ ಬಾಡಿಗಿ ಬ್ಯಾಂಡ್ ಯಾಕ್ರೋ? ಹುಡುಗರನ್ನ ಕೊಡ್ರಿ, ನಾ ಕಲಸ್ತೀನಿ." ತಮ್ಮವೇ ಎರಡು ಸೈಡ್ ಡ್ರಮ್ ಕೊಟ್ಟರು. ಒಂದು ಹಳೆಯ ಬ್ಯೂಗಲ್ ಕೊಂಡು ತಂದರು. ಬ್ಯಾಂಡಿನ ಸಾಮಾನಿಗೆ ಹೆಸರಾದ ಮೀರತ್ತಿನ ಜಲೀ ಕೋಠಿಯ ಮಾಲು ಅದು. ನಮ್ಮಿಂದ ಒಂದು ರೂಪಾಯಿ ಕೇಳಲಿಲ್ಲ.

ಕಲಿಸುವುದರಲ್ಲಿ ಮಾತ್ರ ಬಲು ಕಟ್ಟುನಿಟ್ಟು. ಮೊದಲ ತಿಂಗಳು ಡ್ರಮ್ ಮುಟ್ಟಲೂ ಬಿಡಲಿಲ್ಲ. ಸಮಾಜ ಮಂದಿರದ ಕಟ್ಟೆಗೆ ಹಾಸಿದ ತಾಂಡೂರು ಕಲ್ಲಿನ ಮೇಲೆ ಎರಡು ಕಡ್ಡಿಗಳಿಂದ ಬಡಿಯಬೇಕು. ಬಲಗೈ ಎರಡು, ಎಡಗೈ ಎರಡು, ಮತ್ತೆ ಬಲಗೈ ಎರಡು. ಮೊದಲು ನಿಧಾನ, ಆಮೇಲೆ ಜೋರು. ಎರಡೂ ಕೈಯ ಸದ್ದು ಒಂದೇ ತೂಕ ಇರಬೇಕು. "ಕಲ್ಲಿನ ಮ್ಯಾಲ ಕುಳಿತರ ಡ್ರಮ್ಮಿನ ಮ್ಯಾಲ ತಾನೇ ಕುಣೀತದ" ಅನ್ನುತ್ತಿದ್ದರು. ಸೈಡ್ ಡ್ರಮ್ಮಿನ ಕೆಳಮುಖಕ್ಕೆ ತಂತಿ ಬಿಗಿದಿರುತ್ತದೆ, ಅದಕ್ಕೇ ಆ ಚರ್ರ್ ಅನ್ನುವ ಸದ್ದು. ತಂತಿ ಸಡಿಲಾದರೆ ಡ್ರಮ್ಮು ಖಾಲಿ ಡಬ್ಬಿ. ಕಾಕಾ ಅದನ್ನೂ ನಮ್ಮ ಕೈಯಿಂದಲೇ ಬಿಗಿಸುತ್ತಿದ್ದರು.

ನನ್ನ ಪಾಲಿಗೆ ಬ್ಯೂಗಲ್ ಬಂತು. ಅದಕ್ಕೆ ತೂತಿಲ್ಲ, ಗುಂಡಿ ಇಲ್ಲ, ಬರೀ ಕೊಳವೆ. ತುಟಿ ಬಿಗಿ ಮಾಡಿದರೆ ಸ್ವರ ಮೇಲೆ, ಸಡಿಲ ಬಿಟ್ಟರೆ ಕೆಳಗೆ. ಸಾಮಾನ್ಯವಾಗಿ ಬಾರಿಸುವುದು ಐದೇ ಸ್ವರ: ಕೆಳಗಿನ ಸ, ಪ, ಮೇಲಿನ ಸ, ಗ, ಪ. ರಿ, ಮ, ಧ, ನಿ ಬೇಕೆಂದರೂ ಇಲ್ಲ. "ಐದ್ರಾಗ ಏನು ಬಾರಿಸೋದು ಕಾಕಾ?" ಅಂತ ಕೇಳಿದ್ದೆ. "ಇದ್ದ ಐದು ಸರಿಯಾಗಿ ಊದು, ಇಲ್ಲದ್ದರ ಚಿಂತಿ ಆಮ್ಯಾಲ" ಅಂದರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರದಲ್ಲಿ ಉರ್ದು. 1956ರಲ್ಲಿ ಬೀದರ ಜಿಲ್ಲೆಯಿಂದ ಬೇರೆಯಾದ ನಮ್ಮ ಸೀಮೆಯ ಹುಡುಗರು ಮೂರೂ ಕಡೆ ಅರ್ಧರ್ಧ ಅಂತ ಬೈಸಿಕೊಂಡವರು. ಬ್ಯೂಗಲ್ಲಿನ ಮುಂದೆ ಮಾತ್ರ ಯಾರ ಭಾಷೆಯೂ ಕಮ್ಮಿ ಆಗಲಿಲ್ಲ.

ಕಾಕಾ ನಮಗೆ ಚರಿತ್ರೆಯನ್ನೂ ಹೇಳುತ್ತಿದ್ದರು. ಬಾಬಾಸಾಹೇಬರ ತಂದೆ ರಾಮಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರು. ಬಾಬಾಸಾಹೇಬರು 1891ರಲ್ಲಿ ಹುಟ್ಟಿದ್ದು ಮಹೂ ದಂಡಿನ ಊರಿನಲ್ಲಿ. ಮುಂದೆ 1941ರಲ್ಲಿ ಮಹಾರ್ ರೆಜಿಮೆಂಟ್ ಶುರುವಾದದ್ದು ನಮ್ಮ ಕನ್ನಡದ ಬೆಳಗಾವಿಯಲ್ಲಿ. ದಂಡಿನಲ್ಲಿ ಬ್ಯೂಗಲ್ ಊದಿದರೆ ಸಿಪಾಯಿಯೂ ಏಳಬೇಕು, ಸಾಹೇಬನೂ ಏಳಬೇಕು. ಕಾಕಾ ಅನ್ನುತ್ತಿದ್ದರು: "ಹಲಗಿ ಬಾರಿಸಿದ್ರ ಊರು ಕೇಳ್ತದ, ಆದ್ರ ಬಾರಿಸೋನ ಮಾತು ಕೇಳೋದಿಲ್ಲ. ಬ್ಯೂಗಲ್ ಹಂಗಲ್ಲ ನೋಡು."

ಆ ಮಾತಿನ ಹಿಂದೆ ಅವರ ಅಪ್ಪನ ಕಥೆ ಇದೆ. ಆ ಅಜ್ಜ ಊರಿನವರ ಹೆಣದ ಮುಂದೆ ಹಲಗೆ ಬಡಿಯುತ್ತಿದ್ದರು. ಕೊಟ್ಟಷ್ಟು ತೊಗೊಂಡು ಸುಮ್ಮನೆ ಬರಬೇಕು. ಕಾಕಾ ಹರೆಯದಲ್ಲಿ ಒಲ್ಲೆ ಅಂದರು, ಬ್ಯಾಂಡ್ ಸೇರಿದರು.

ಈಗ ನನ್ನ ತಪ್ಪೊಂದು ಹೇಳಬೇಕು. ಇಂಟರ್ ಓದುವಾಗ ಖರ್ಚಿಗೆ ಅಂತ ನಾನೂ ಕಾಕಾನ ಜೊತೆ ಮದುವೆಗಳಿಗೆ ಹೋಗುತ್ತಿದ್ದೆ. ತಾಂಡೂರಿನಲ್ಲಿ ಒಂದು ಬರಾತ್. ಮಹಡಿ ಮೇಲೆ ನನ್ನ ಕ್ಲಾಸಿನ ಹುಡುಗರು ನಿಂತಿದ್ದರು. ನಾನು ಟೊಪ್ಪಿಗೆ ಕಣ್ಣಿನ ಮೇಲೆ ಎಳೆದುಕೊಂಡೆ, ಊದುವುದನ್ನೇ ಬಿಟ್ಟೆ. ಕಾಕಾ ನೋಡಿದರು, ಏನೂ ಅನ್ನಲಿಲ್ಲ. ನಡೆಯುತ್ತಲೇ ನನ್ನ ಮಗ್ಗುಲಿಗೆ ಬಂದು, ನನ್ನ ಪಾಲಿನದೂ ಸೇರಿಸಿ ತಾವೇ ಊದಿದರು. ಆ ದಿನದ ಪಗಾರ ಮಾತ್ರ ಪೂರಾ ಕೊಟ್ಟರು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಅದೇ ಸೀಜನ್ನಿನಲ್ಲಿ ಇನ್ನೊಂದು ಊರು, ಹೆಸರು ಬೇಡ. ಕಾಕಾನ ಕರಾರು ಎಲ್ಲಾ ಕಡೆ ಒಂದೇ: ರೇಟು ಮೊದಲೇ ಮಾತಾಡಬೇಕು, ಊಟ ಎಲ್ಲರ ಪಂಕ್ತಿಯಲ್ಲೇ ಆಗಬೇಕು. ಅಲ್ಲಿ ಹೂಂ ಅಂದವರು ಊಟದ ಹೊತ್ತಿಗೆ ನಮ್ಮ ಎಲೆಗಳನ್ನು ದನದ ಕೊಟ್ಟಿಗೆ ಹಿಂದೆ ಹಾಕಿಸಿದರು. ಕಾಕಾ ಜಗಳ ಮಾಡಲಿಲ್ಲ. ಅಂಗಳದ ನಡುವೆ ನಿಂತು ಬ್ಯೂಗಲ್ ತೆಗೆದು ಊದಿದರು. ನಮಗೆ ಗೊತ್ತಿದ್ದ ಕರೆ ಅದು, 'ಸಾಲಾಗಿ ನಿಲ್ಲಿ'. ನಿಂತೆವು. ಡ್ರಮ್ ಬಾರಿಸುತ್ತಾ ಊರ ಹೊರಗೆ ನಡೆದೆವು. ಅರ್ಧ ದುಡ್ಡು ಹೋಯಿತು. ಬಸ್ ಸ್ಟ್ಯಾಂಡಿನಲ್ಲಿ ಕಾಕಾ ತಮ್ಮ ಕಿಸೆಯಿಂದ ಎಲ್ಲರಿಗೂ ಮಿರ್ಚಿ ಭಜಿ ತಿನ್ನಿಸಿದರು. ಅವತ್ತು ನನ್ನ ಟೊಪ್ಪಿಗೆ ನೆಟ್ಟಗಾಯಿತು. ಇವತ್ತಿಗೂ ನೆಟ್ಟಗಿದೆ.

ಇನ್ನೊಂದು. ಪರೀಕ್ಷೆ ಫೀಸು ಕಟ್ಟುವ ಕೊನೆಯ ದಿನ ಅಪ್ಪನ ಕೈಯಲ್ಲಿ ಏನೂ ಇರಲಿಲ್ಲ. ಕಾಕಾ ಬಂದು, "ಮುಂದಿನ ಲಗ್ನದ ಅಡ್ವಾನ್ಸ್ ಬಂದದ, ನಿನ್ನ ಪಾಲು ತೊಗೋ" ಅಂತ ಕೊಟ್ಟುಹೋದರು. ಆಮೇಲೆ ತಿಳಿಯಿತು, ಅಂಥ ಲಗ್ನವೇ ಇರಲಿಲ್ಲ. ಹೀಗೆ ಇಲ್ಲದ ಲಗ್ನಗಳ ಅಡ್ವಾನ್ಸ್ ತೆಗೆದುಕೊಂಡವರು ಈ ಸಭೆಯಲ್ಲಿ ನಾನೊಬ್ಬನೇ ಅಲ್ಲ. ನಗಬೇಡ್ರಿ, ನಿಮಗೇ ಗೊತ್ತದ.

ಈಗ ಕಾಕಾನ ಮುಂದಿನ ಹಲ್ಲು ಹೋಗಿವೆ. ಹಲ್ಲಿನ ಆಸರೆ ಇಲ್ಲದೆ ತುಟಿ ಬಿಗಿಯುವುದಿಲ್ಲ, ಸ್ವರ ಹುಟ್ಟುವುದಿಲ್ಲ. ಹೋದ ದೀಪಾವಳಿಗೆ ಬ್ಯೂಗಲ್ ಒರೆಸಿ ನನ್ನ ಕೈಗಿಟ್ಟು ಒಳಗೆ ಹೋದರು. ನಾನು ಹಂಗೇ ನಿಂತಿದ್ದೆ.

ಕೆಲವರು ಕೇಳಿದ್ದಾರೆ: ಹಲಗೆ ಬಿಟ್ಟವರಿಗೆ ಬ್ಯಾಂಡ್ ಯಾಕೆ, ಡಿಜೆ ಇದೆಯಲ್ಲ ಅಂತ. ಪ್ರಶ್ನೆ ಸಣ್ಣದಲ್ಲ. ಒತ್ತಾಯಕ್ಕೆ ಬಾರಿಸುವುದನ್ನು ಬಿಟ್ಟದ್ದು ಸರಿಯೇ. ಆದರೆ ನಮ್ಮ ತೆಲಂಗಾಣದಲ್ಲೇ ನೋಡಿ. ಡಂಗುರದ ಹೆಸರಾದ ದಂಡೋರ 1994ರಲ್ಲಿ ಹಕ್ಕಿನ ಹೋರಾಟದ ಹೆಸರಾಯಿತು. ರಾಜ್ಯಕ್ಕಾಗಿ ನಡೆದ ಚಳವಳಿಯಲ್ಲಿ ಡಪ್ಪು ಇಲ್ಲದ ಮೆರವಣಿಗೆ ಕಡಿಮೆ. ಅದೇ ಚರ್ಮ, ಅದೇ ಕಡ್ಡಿ. ಯಾರ ಮಾತಿಗೆ ಬಾರಿಸುತ್ತೇವೆ ಅನ್ನುವುದು ಬದಲಾಯಿತು, ಅಷ್ಟೇ. ಡಿಜೆ ಬಾಡಿಗೆ ಕೊಟ್ಟರೆ ಒಂದು ರಾತ್ರಿ ಕುಣಿಯುತ್ತೇವೆ. ಮರುದಿನ ಬಾಕ್ಸು ಹೋಗುತ್ತದೆ, ಕೈಯಲ್ಲಿ ಏನೂ ಉಳಿಯುವುದಿಲ್ಲ.

ಅದಕ್ಕೆ ಸಂಘದ ಮುಂದೆ ಮೂರು ಬೇಡಿಕೆ. ಒಂದು, ಬರುವ ಜಯಂತಿಯ ಡಿಜೆ ದುಡ್ಡಿನಿಂದ ಆ ಡ್ರಮ್ಮುಗಳನ್ನು ರಿಪೇರಿ ಮಾಡಿಸೋಣ. ಎರಡು, ವಾರಕ್ಕೆ ಎರಡು ಸಂಜೆ ಸಮಾಜ ಮಂದಿರದ ಕಟ್ಟೆ ನಮಗೆ ಬಿಡಿ. ಬ್ಯೂಗಲ್ ನಾನು ಕಲಿಸುತ್ತೇನೆ. ಕಾಕಾ ಊದಲಾರರು, ಆದರೆ ತೊಡೆ ಮೇಲಿನ ಅವರ ತಾಳ ಇನ್ನೂ ತಪ್ಪಿಲ್ಲ. ಮೂರು, ಈ ಸಲ ಹೆಣ್ಣುಮಕ್ಕಳೂ ಸಾಲಿನಲ್ಲಿ ಇರಬೇಕು. ನಾವು ಕಲಿಯುವಾಗ ನನ್ನ ತಂಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಯಾರೂ ಒಳಗೆ ಕರೆಯಲಿಲ್ಲ. ಕಡ್ಡಿ ಮುಟ್ಟದೆಯೇ ತಾಳ ಪೂರಾ ಕಲಿತಿದ್ದಾಳೆ.

ಬ್ಯೂಗಲ್ ತಂದಿದ್ದೇನೆ. ಇರುವ ಐದು ಸ್ವರ ಊದಿ ಮಾತು ಮುಗಿಸುತ್ತೇನೆ. ತಪ್ಪಿದರೆ ಕಾಕಾ ಮುಂದಿನ ಸಾಲಲ್ಲೇ ಕೂತಾರ, ಬೈತಾರ. ಬೈಲಿ.

ಜೈ ಭೀಮ್.