ಡಬ್ಬಿಯ ಮುಚ್ಚಳದ ಕರಿ ಪುಡಿ



ಎಂಟನೇ ತರಗತಿಯಲ್ಲಿದ್ದಾಗ ನನ್ನ ಊಟದ ಸ್ಟೀಲ್ ಡಬ್ಬಿ ಸೈಕಲ್ ಹಿಂದೆ ಕಟ್ಟಿಸಿಕೊಂಡು ಆರು ಕಿಲೋಮೀಟರ್ ಕುಲುಕುತ್ತಾ ಬರುತ್ತಿತ್ತು. ಮುಚ್ಚಳ ಉಜ್ಜುವ ಕಡೆ ಕರಿ ಪುಡಿ. "ಸ್ಟೀಲಿಗೆ ತುಕ್ಕು ಹಿಡಿಯಲ್ಲ ಅಂತೀರಿ, ಇದೇನು ಸಾರ್?" ಎಂದು ಕೇಳಿದೆ. ವಿಜ್ಞಾನದ ಮೇಷ್ಟ್ರು ಬೈಯಲಿಲ್ಲ. "ನನಗೂ ಗೊತ್ತಿಲ್ಲ ಕಣೋ, ಗೊತ್ತಾದ ದಿನ ಬಂದು ಹೇಳು" ಅಂದರು. ಇವತ್ತು ಅವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ.

ಸಾರ್, ಮೆಕ್ಯಾನಿಕಲ್ ಬಿ.ಇ. ಓದುವಾಗಲೇ ಉತ್ತರ ಸಿಕ್ಕಿತ್ತು. ಹೇಳಲು ಬರಲಿಲ್ಲ, ಕ್ಷಮಿಸಿ.

ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕಬ್ಬಿಣದ ಜೊತೆ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇರುತ್ತದೆ. ಅದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದೆ. ಎರಡು ತುಂಡುಗಳು ಒತ್ತಿಕೊಂಡು, ಕೂದಲೆಳೆಯಷ್ಟೇ ಜಾಗದಲ್ಲಿ ಹಿಂದೆ ಮುಂದೆ ಅದುರಿದರೆ ಪೊರೆ ಹರಿಯುತ್ತದೆ, ಗಾಳಿಯಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ, ಮತ್ತೆ ಹರಿಯುತ್ತದೆ. ಹೀಗೆ ಉದುರುವ ಆಕ್ಸೈಡೇ ಆ ಪುಡಿ. ಈ ಸವೆತಕ್ಕೆ ಫ್ರೆಟಿಂಗ್ ಎನ್ನುತ್ತಾರೆ.

ಹಾಗಾದರೆ ಗಾಳಿ ತೆಗೆದುಬಿಟ್ಟರೆ ತೊಂದರೆಯೇ ಇಲ್ಲ ಎಂದು ನಾನೂ ಅಂದುಕೊಂಡಿದ್ದೆ. ಸುತ್ತಲಿನ ಗಾಳಿಯ ಒತ್ತಡ ತೀರಾ ಇಳಿಸಿದರೆ ಆಕ್ಸೈಡಿನ ಪುಡಿಯೇನೋ ಕಡಿಮೆಯಾಗುತ್ತದೆ. ಆದರೆ ಹರಿದ ಪೊರೆ ಮತ್ತೆ ಕಟ್ಟಿಕೊಳ್ಳಲು ಆಮ್ಲಜನಕ ಸಾಲದು. ಬರಿಮೈಯ ಲೋಹ ಬರಿಮೈಯ ಲೋಹಕ್ಕೆ ತಾಗಿ, ಬೆಂಕಿಯಿಲ್ಲದೆಯೇ ಅಲ್ಲಲ್ಲಿ ಬೆಸುಗೆ ಬೀಳುತ್ತದೆ. ನಾನು ದೂರು ಹೇಳಿದ ಆ ಪುಡಿಯೇ ಒಂದು ಮಟ್ಟಿಗೆ ನಡುವೆ ನಿಂತು ಜಗಳ ಬಿಡಿಸುತ್ತಿತ್ತು!

ಅಮೆರಿಕದ ಗೆಲಿಲಿಯೊ ನೌಕೆ 1989ರಲ್ಲಿ ಗುರುಗ್ರಹಕ್ಕೆ ಹೊರಟಿತು. 1991ರ ಏಪ್ರಿಲ್‌ನಲ್ಲಿ ಕೊಡೆಯಂತೆ ಬಿಚ್ಚಿಕೊಳ್ಳಬೇಕಿದ್ದ ಅದರ ದೊಡ್ಡ ಆಂಟೆನಾ ಬಿಚ್ಚಿಕೊಳ್ಳಲಿಲ್ಲ. ಅಲ್ಲಿದ್ದದ್ದು ಸ್ಟೀಲಲ್ಲ, ಟೈಟಾನಿಯಂ ಪಿನ್ನುಗಳು. ಕಥೆ ಮಾತ್ರ ಇದೇ. ಹೊರಡುವ ಮುಂಚೆ ಲಾರಿಯಲ್ಲಿ ದೇಶದ ಆ ತುದಿಯಿಂದ ಈ ತುದಿಗೆ ಓಡಾಡಿಸಿದಾಗ ಅದುರಿ ಅದುರಿ ಪಿನ್ನಿನ ಮೇಲಿನ ಒಣ ಲೇಪ ಸವೆದಿತ್ತು, ನಿರ್ವಾತದಲ್ಲಿ ಅದು ಕಚ್ಚಿಕೊಂಡಿತು ಎಂದು ತನಿಖೆ ಮಾಡಿದವರು ತೀರ್ಮಾನಿಸಿದರು. ಅಷ್ಟು ದೂರ ಹೋಗಿ ಸುತ್ತಿಗೆಯಲ್ಲಿ ತಟ್ಟುವವರು ಯಾರು? ಚಿಕ್ಕ ಆಂಟೆನಾದಿಂದಲೇ ಚಿತ್ರ ಕಳಿಸುವಂತೆ ನೌಕೆಯ ಪ್ರೋಗ್ರಾಮನ್ನು ಭೂಮಿಯಿಂದಲೇ ಬದಲಿಸಿದರು. ಸೆಕೆಂಡಿಗೆ 1,34,000 ಬಿಟ್ ಬರಬೇಕಿದ್ದ ಕಡೆ ಹೆಚ್ಚೆಂದರೆ 160 ಬಿಟ್. ಅಷ್ಟರಲ್ಲೇ ಅದು 1995ರಿಂದ 2003ರವರೆಗೆ ಗುರುವನ್ನು ಸುತ್ತಿತು.

ಇದನ್ನು ಓದಿಯೇ ನಾನು ಸಾಫ್ಟ್‌ವೇರ್ ಕಡೆ ಹೊರಳಿದ್ದು. (ಸಂಬಳವೂ ಕಾರಣ, ನಿಮ್ಮೆದುರು ಸುಳ್ಳು ಹೇಳಲಾರೆ.)

ಆ ಡಬ್ಬಿಯನ್ನು ಅಮ್ಮ ಇನ್ನೂ ಇಟ್ಟುಕೊಂಡಿದ್ದಾರೆ. ಇವತ್ತು ತಂದಿದ್ದೇನೆ ಸಾರ್, ಊಟದ ಹೊತ್ತಿಗೆ ತೋರಿಸುತ್ತೇನೆ.